ಸಾವಿಲ್ಲದವರ ಪುಸ್ತಕ

ನಾನು ಒಂದು ಚಿತ್ರಕಥೆಯ ಪುಸ್ತಕ. ನಾನು ಹುಟ್ಟಿದ ಜಪಾನ್ ದೇಶದಲ್ಲಿ ನಮ್ಮ ಕುಲವನ್ನು ಮಾಂಗಾ ಎಂದು ಕರೆಯುತ್ತಾರೆ. ಒರಟು ಕಾಗದ, ಕಪ್ಪು ಶಾಯಿ, ಅಂಗೈಗೆ ಒಗ್ಗುವ ಮೈ. ಯಂತ್ರದಿಂದ ಹೊರಬಿದ್ದಾಗ ಇನ್ನೂ ಬೆಚ್ಚಗಿದ್ದೆ. ಹಿಂದೆ ಮುಂದೆ ನನ್ನಂಥವೇ ಸಾವಿರಾರು. ಅಷ್ಟು ದೊಡ್ಡ ಬಳಗದ ನಡುವೆ ಇದ್ದದ್ದು ಅದೇ ಮೊದಲು, ಅದೇ ಕೊನೆ.

ನನ್ನ ಹೊಟ್ಟೆಯಲ್ಲಿರುವುದು ಸಾವಿಲ್ಲದ ವರ ಪಡೆದ ಕಾಳಗದವರ ಕಥೆ. ಆ ವರ ಅವರಿಗೆ ಹೇಗೆ ಸಿಕ್ಕಿತು ಎಂಬುದೆಲ್ಲ ಹಳೆಯ ಸರಣಿಯಲ್ಲೇ ಮುಗಿದುಹೋಗಿತ್ತು. ಓದಿದವರು ಬಿಡಬೇಕಲ್ಲ! ಆಮೇಲೇನಾಯಿತು, ಆಮೇಲೇನಾಯಿತು ಎಂದು ದುಂಬಾಲು ಬಿದ್ದರು. ಹಾಗೆ ಹುಟ್ಟಿದ ಮುಂದುವರಿದ ಸರಣಿಯ ಒಂದು ಸಂಪುಟ ನಾನು. ಯಾರಿಗಾಗಿ ಕತ್ತಿ ಹಿಡಿದರೋ ಆ ಜನವೆಲ್ಲ ಮುಪ್ಪಾಗಿ ತೀರಿಕೊಂಡಿದ್ದಾರೆ. ಉಳಿದವರು ಇಬ್ಬರೇ. ಮೊದಲ ಪುಟದಲ್ಲಿ ಆ ಇಬ್ಬರು ಮರದಡಿ ಕುಳಿತು ಒಂದೇ ಬಟ್ಟಲಿನಿಂದ ಅನ್ನ ತಿನ್ನುತ್ತಾರೆ. ಮಾತಿಗೆ ಮಾತು ಬೆಳೆದು ಕತ್ತಿ ಹಿರಿಯುತ್ತಾರೆ. ಇರಿದರೂ ಯಾರೂ ಸಾಯುವುದಿಲ್ಲ, ಹಾಗಾಗಿ ಯಾರೂ ಗೆಲ್ಲುವುದೂ ಇಲ್ಲ. ಕೊನೆಯ ಪುಟದಲ್ಲಿ ಒಬ್ಬ ಹಿಮದಲ್ಲಿ ಒಂಟಿಯಾಗಿ ನಡೆದುಹೋಗುತ್ತಾನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಕನ್ನಡದ ಪುಸ್ತಕ ಎಲ್ಲಿ ಮುಗಿಯುತ್ತದೋ ಅಲ್ಲಿ ನಾನು ಶುರುವಾಗುತ್ತೇನೆ.

ಚಿಹಾರು ಎಂಬ ಹುಡುಗಿ ನನ್ನನ್ನು ಕೊಂಡಳು. ಯೋಗ ಕಲಿಯಲು ಮೈಸೂರಿಗೆ ಹೊರಟಾಗ ಜೊತೆಗೆ ತಂದಳು. ಗೋಕುಲಂನ ಬಾಡಿಗೆ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ನನ್ನನ್ನು ಬಿಡಿಸಿಕೊಂಡು ಮಲಗುತ್ತಿದ್ದಳು. ಅವಳ ಭಾಷೆಯಲ್ಲಿ ಮಾತಾಡಲು ಅಲ್ಲಿ ಅವಳಿಗೆ ನಾನೊಬ್ಬನೇ ಇದ್ದೆ. ಊರಿಗೆ ಹಿಂದಿರುಗುವಾಗ ಪೆಟ್ಟಿಗೆಯಲ್ಲಿ ಜಾಗ ಸಾಲಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನನ್ನನ್ನಿಟ್ಟು, ಒಮ್ಮೆ ಸವರಿ ಹೊರಟುಹೋದಳು. ಮನೆಯೊಡೆಯರು ನನ್ನನ್ನು ಹಳೇ ಪೇಪರ್ ಅಂಗಡಿಗೆ ಹಾಕಿದರು.

ಆ ಅಂಗಡಿಯ ಸಯ್ಯದ್ ಸಾಹೇಬರ ಹತ್ತಿರ ಸಂಜೆ ಮಾತಿಗೆ ಬರುತ್ತಿದ್ದವರು ಪೈಲ್ವಾನ್ ಜವರಪ್ಪನವರು. ಕಿವಿ ಮುದುರಿದ, ಕುತ್ತಿಗೆ ಹೆಗಲಲ್ಲೇ ಕೂತಂತಿದ್ದ ಮುದುಕರು. ನನ್ನ ಮೈಮೇಲಿನ ಕಾಳಗದವರನ್ನು ಕಂಡು ಎತ್ತಿಕೊಂಡರು.

"ಅದ್ಯಾವ ಭಾಷೆನೋ ಏನೋ ಪೈಲ್ವಾನ್ರೇ, ನಿಮಗೇನು ತಿಳೀತದೆ?" ಎಂದರು ಸಾಹೇಬರು.

"ಭಾಷೆ ಕಟ್ಕೊಂಡು ಏನಾಗ್ಬೇಕಯ್ಯಾ? ಈ ಹಿಡಿತ ನೋಡು. ಕಾಲು ಊರಿರೋದು ನೋಡು. ಬರೆದೋನು ಗರಡಿ ಮಣ್ಣು ಕಂಡೋನು."

ನನಗೆ ಹೊಸ ಮನೆ ಸಿಕ್ಕಿತು.

ಆ ಮನೆಗೆ ಒಂದು ದಿನ ರತ್ನಿ ಎಂಬ ಹೆಂಗಸು ಬಂದಳು. ಒಳಗೆ ಕೂರದೆ ಬಾಗಿಲಲ್ಲೇ ನಿಂತು, "ಅಪ್ಪ ಏಳಂಗಿಲ್ಲ ದೊಡ್ಡಪ್ಪ. ಡಾಕ್ಟ್ರು ಇನ್ನು ಮನೇಲೇ ಮಡಿಕ್ಕೊಳಿ ಅಂದ್ಬುಟ್ರು. ನಿಮ್ಮ ಹೆಸರು ಹೇಳ್ತವ್ರೆ. ಒಂದ್ಸಲ ಬಂದೋಗಿ" ಎಂದಳು.

"ಅವ್ನೇ ಬರ್ಲಿ" ಎಂದರು ಜವರಪ್ಪ.

ರತ್ನಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಒಳಗಿನಿಂದ ಹೆಂಡತಿ ಚಿಕ್ಕತಾಯಮ್ಮ ಬಂದರು. "ಏಳಕ್ಕಾಗದೋನು ಎಲ್ಲಿಂದ ಬಂದಾನು? ಸಾಯೋ ಹೊತ್ತಲ್ಲೂ ಜಿದ್ದು ಬುಡಬ್ಯಾಡಿ. ಅದನ್ನೇ ಕಟ್ಕೊಂಡು ಹೋಗೀರಂತೆ ಮೇಲಕ್ಕೆ!"

ಅಂದು ಚಿಕ್ಕತಾಯಮ್ಮ ಪಾತ್ರೆ ಸದ್ದು ಮಾಡುತ್ತಾ ಆಡಿಕೊಂಡದ್ದರಿಂದ ನನಗೆ ಎಲ್ಲ ತಿಳಿಯಿತು. ರತ್ನಿಯ ಅಪ್ಪ ಬೆಟ್ಟಯ್ಯ. ಜವರಪ್ಪ, ಬೆಟ್ಟಯ್ಯ ಇಬ್ಬರೂ ಒಂದೇ ಗರಡಿಯ ಮಣ್ಣಿನಲ್ಲಿ ಬೆಳೆದವರು, ಒಂದೇ ತಟ್ಟೆಯಲ್ಲಿ ಉಂಡವರು. ಒಂದು ಗರಡಿಯವರು ಅಖಾಡದಲ್ಲಿ ಎದುರಾಗುವುದಿಲ್ಲ ಎಂಬುದು ಅವರ ಕಟ್ಟುಪಾಡು. ಮದುವೆಯಾದ ಮೇಲೆ ಬೆಟ್ಟಯ್ಯ ಬೇರೆ ಬೀದಿಗೆ ಹೋಗಿ ಅಲ್ಲಿನ ಗರಡಿ ಸೇರಿದ. ಆ ವರ್ಷ ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ, ಜವರಪ್ಪನ ಹೆಸರು ಕೂಗಿದೊಡನೆ ಕೈಯೆತ್ತಿ ಎದುರಾಳಿಯಾಗಿ ಎದ್ದುನಿಂತವನು ಅವನೇ. ಬೆನ್ನು ಮಣ್ಣಿಗೆ ತಾಗಿದವನು ಸೋತ ಎಂದು ಲೆಕ್ಕ. ಅಂದು ಹೊತ್ತು ಇಳಿದರೂ ಇಬ್ಬರಲ್ಲಿ ಯಾರ ಬೆನ್ನೂ ತಾಗಲಿಲ್ಲ. ಇಬ್ಬರ ಕೈಯನ್ನೂ ಎತ್ತಿ ಸಮ ಎಂದರು. ಆಮೇಲೂ ಇಬ್ಬರನ್ನೂ ಯಾರೂ ಕೆಡವಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರತ್ನಿ ಬಂದುಹೋದ ಮಾರನೆಯ ಬೆಳಿಗ್ಗೆ ಜವರಪ್ಪ ಜಗುಲಿಯ ಮೇಲೆ ಕುಳಿತು ನನ್ನನ್ನು ಮೊದಲ ಸಲ ಪೂರ್ತಿ ನೋಡಿದರು. ಎಲ್ಲಿಂದ ನೋಡಿದರು? ಕನ್ನಡದವರು ಎಲ್ಲಿಂದ ನೋಡುತ್ತಾರೋ ಅಲ್ಲಿಂದ. ನನ್ನ ಕೊನೆಯ ಪುಟ ಅವರಿಗೆ ಮೊದಲನೆಯದಾಯಿತು.

ಹಿಮದಲ್ಲಿ ಒಬ್ಬ ಒಂಟಿಯಾಗಿ ಬಂದ. ಇನ್ನೊಬ್ಬನಿಗೆ ಎದುರಾದ. ಕತ್ತಿಗಳು ಮೈಯಿಂದ ಈಚೆಗೆ ಬಂದವು, ಗಾಯಗಳು ಮುಚ್ಚಿಕೊಂಡವು, ಮುರಿದ ಬಾಗಿಲು ಕೂಡಿಕೊಂಡಿತು. ಕತ್ತಿಗಳು ಒರೆ ಸೇರಿದವು. ಪುಟ ತಿರುಗಿದಂತೆಲ್ಲ ಇಬ್ಬರ ಮುಖವೂ ತಿಳಿಯಾಗುತ್ತಾ ಬಂತು. ಕಡೆಗೆ ಮರದಡಿ ಕೂತು ಒಂದೇ ಬಟ್ಟಲಿಗೆ ಕೈ ಹಾಕಿದರು.

ಅಲ್ಲ ಜವರಪ್ಪ, ಕಥೆ ಹಾಗಲ್ಲ, ಅವರು ಕೂಡಲಿಲ್ಲ, ಅಗಲಿದರು ಎಂದು ಹೇಳಬೇಕೆಂದು ನನ್ನ ಒಂದೊಂದು ಹಾಳೆಯೂ ತುಡಿಯಿತು. ಬಾಯಿಲ್ಲದವನು ಏನು ಹೇಳಲಿ? ನನ್ನ ನಿಜವನ್ನು ಬಲ್ಲವರು ಆ ಇಡೀ ಊರಲ್ಲಿ ನನ್ನ ಹೊರತು ಇನ್ನೊಬ್ಬರಿರಲಿಲ್ಲ. ಜವರಪ್ಪ ಆ ಅನ್ನದ ಬಟ್ಟಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಹೇಳಲು ಬಾರದ್ದು ಒಳ್ಳೆಯದೇ ಆಯಿತೇನೋ ಎಂದು ಆಗ ಅನ್ನಿಸಿತು.

"ಲೇ ಇವ್ಳೇ, ಆ ಬಿಳೀ ಅಂಗಿ ಎಲ್ಲಿ ಮಡಗಿದೀಯೆ?" ಎಂದು ಒಳಗೆ ಕೂಗಿದರು.

"ಯಾರ ಮದುವೆಗೆ?"

"ಕೊಡೇ ಸುಮ್ನೆ."

ನನ್ನನ್ನು ಕಂಕುಳಲ್ಲಿ ಇರುಕಿಕೊಂಡೇ ಹೊರಟರು. ಬೆಟ್ಟಯ್ಯನ ಮನೆಯ ಬಾಗಿಲಿಗೆ ಬಂದಾಗ ಅವರ ಎದೆ ಹೊಡೆದುಕೊಳ್ಳುವುದು ನನ್ನ ಮೈಗೆ ತಾಗುತ್ತಿತ್ತು.

ಬೆಟ್ಟಯ್ಯ ಹಗ್ಗದ ಮಂಚದ ಮೇಲೆ ಮಲಗಿದ್ದ. ಪೈಲ್ವಾನನ ದೊಡ್ಡ ಎಲುಬುಗಳು ಮಾತ್ರ ಉಳಿದಿದ್ದವು. ಕತ್ತು ಹೊರಳಿಸಿ ಬಂದವರನ್ನು ನೋಡಿದ.

"ಬಂದ್ಯೇನ್ಲಾ ಜವರ?"

"ಬಂದೆ ಕಣ್ಲಾ."

"ನೋಡೋಕೆ ಬಂದ್ಯೋ, ನಗೋಕೆ ಬಂದ್ಯೋ?"

ಜವರಪ್ಪ ನನ್ನನ್ನು ಬಿಡಿಸಿ ಅವನ ಕಣ್ಣೆದುರು ಹಿಡಿದು, ತಮಗೆ ಕಂಡಂತೆ ಕಥೆ ಹೇಳಿದರು. ಬೆಟ್ಟಯ್ಯ ಕೇಳಿಸಿಕೊಂಡ. ಒಂದು ಪಟ್ಟು ಮಾತ್ರ ಸುಳ್ಳು, ಹಾಗೆ ಹಿಡಿದರೆ ಕೈ ನಿಲ್ಲುವುದಿಲ್ಲ ಎಂದ. ನಿಲ್ಲುತ್ತದೆ ಎಂದು ಇವರು. ಅಲ್ಲೇ ಸಣ್ಣದೊಂದು ಜಗಳವೂ ಆಯಿತು. ರತ್ನಿ ಅಡುಗೆಮನೆಯಿಂದ ಇಣುಕಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಆಮೇಲೆ ಬೆಟ್ಟಯ್ಯನ ದನಿ ಇಳಿಯಿತು. "ಅವತ್ತು ನಾನು ಕೈ ಎತ್ತಬಾರದಾಗಿತ್ತು ಕಣ್ಲಾ ಜವರ. ನೋಡು, ಈಗ ಹಗಲೂ ರಾತ್ರಿ ಬೆನ್ನು ಕೆಳಗಾಗಿ ಬಿದ್ದಿದೀನಿ. ನೀನೇ ಗೆದ್ದೆ. ಹೋಗಿ ಗರಡೀಲಿ ಹೇಳ್ಕೊ."

ಜವರಪ್ಪ ನನ್ನನ್ನು ಮಂಚದ ಮೇಲಿಟ್ಟರು. ಎದ್ದು, ಮಡಿಕೆ ಬಿಚ್ಚಿದ ಬಿಳೀ ಅಂಗಿಯಲ್ಲೇ ನೆಲದ ಮೇಲೆ ಕುಳಿತರು. ಮಂಡಿ ಮಣಿಯದೆ ನರಳಿದರು. ಒಂದು ಕೈ ಊರಿ ಮೆಲ್ಲಗೆ ಒರಗಿ, ಎರಡು ಹೆಗಲನ್ನೂ ನೆಲಕ್ಕೆ ಹಚ್ಚಿ ಮಲಗಿಬಿಟ್ಟರು.

"ತಕ್ಕೊ. ನಂದೂ ತಾಗ್ತು."

ಯಾರೂ ಕೆಡವದ ಇಬ್ಬರು ಒಬ್ಬರ ಪಕ್ಕ ಒಬ್ಬರು ಸೂರು ನೋಡುತ್ತಾ ಮಲಗಿದ್ದರು. ಮಂಚದಿಂದ ಒಂದು ಕೈ ಇಳಿಬಿತ್ತು. ಕೆಳಗಿನ ಕೈ ಅದನ್ನು ಹಿಡಿದುಕೊಂಡಿತು. ರತ್ನಿ ಕಾಫಿ ತಂದವಳು ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು.

ಮಾಗಿ ಕಳೆಯುವ ಮೊದಲೇ ಬೆಟ್ಟಯ್ಯ ತೀರಿಕೊಂಡ. ಅಂದಿನಿಂದ ಅವನ ದಿಂಬಿನ ಕೆಳಗೇ ಇದ್ದ ನನ್ನನ್ನು ರತ್ನಿ ಜವರಪ್ಪನವರಿಗೇ ಮುಟ್ಟಿಸಿದಳು. ಅವರು ನನ್ನನ್ನು ಮನೆಯಲ್ಲಿಡದೆ ಹಳೆಯ ಗರಡಿಗೆ ತಂದು, ಆಂಜನೇಯನ ಪಟದ ಕೆಳಗಿನ ಗೂಡಿನಲ್ಲಿ ಎಣ್ಣೆಯ ಬಾಟಲಿಯ ಪಕ್ಕ ಇಟ್ಟರು. ಇಲ್ಲಿ ನನ್ನನ್ನು ಯಾರೂ ಬಿಡಿಸುವುದಿಲ್ಲ. ಅಂಚು ಹಳದಿಯಾಗಿದೆ, ಹುಳು ಬೆನ್ನಿನ ಗೋಂದನ್ನು ತಿನ್ನುತ್ತಿದೆ. ಸಾವಿಲ್ಲದವರನ್ನು ಹೊತ್ತ ನನಗೆ ಸಾವು ನಿಧಾನವಾಗಿ ಬರುತ್ತಿದೆ. ಅದಕ್ಕೆ ನನ್ನ ದೂರಿಲ್ಲ. ದೇವರು ಕಾಗದಕ್ಕೂ ಒಂದು ಕೊನೆ ಇಟ್ಟಿದ್ದಾನಲ್ಲ, ಅದು ಅವನ ದಯೆ.

ಜವರಪ್ಪ ದಿನಾ ಬೆಳಿಗ್ಗೆ ಬರುತ್ತಾರೆ. ಈಗ ಸಾಮು ಮಾಡಲಾರರು. ಪಟಕ್ಕೆ ಹೂವಿಟ್ಟು, ದೀಪದ ಕುಡಿ ಸರಿಮಾಡಿ, ಕೈಮುಗಿದು ನಿಲ್ಲುತ್ತಾರೆ. ಬೇಡಿಕೊಳ್ಳುವುದೇನೂ ಇಲ್ಲ. ಇವತ್ತು ಮಾತ್ರ ಗರಡಿಯಲ್ಲಿ ಬೇರೆ ಯಾರೂ ಇಲ್ಲದ್ದು ನೋಡಿ, ಪಟದ ಹತ್ತಿರಕ್ಕೆ ಬಾಗಿ ಮೆಲ್ಲಗೆ ಕೇಳಿದರು:

"ಚಿರಂಜೀವಿ ಅಂತಾರೆ ನಿನ್ನ. ಜೊತೇಲಿದ್ದೋರೆಲ್ಲ ಹೋದ ಮ್ಯಾಕೂ ನೀನೊಬ್ನೇ ಹೆಂಗಪ್ಪ ಇದ್ದೀಯೆ?"

ಉತ್ತರಕ್ಕೆಂದು ಅವರು ನಿಂತೇ ಇದ್ದಾರೆ. ಗೂಡಿನೊಳಗಿಂದ ನಾನೂ ಕಿವಿಗೊಟ್ಟಿದ್ದೇನೆ.