ದಿನಾ ಹಾಕುವ ಎಲೆ

"ಊಟ ಮಾಡುತ್ತಾರೆಯೆ? ನಿದ್ದೆ? ಯಾರಿಗಾದರೂ ಹೊಡೆಯುತ್ತಾರೆಯೆ?" ಮೈಸೂರಿನಿಂದ ಸುಂಟಿಕೊಪ್ಪಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಡಾಕ್ಟರು ಜಗಲಿಯಲ್ಲಿ ಕುಳಿತು, ತೊಡೆಯ ಮೇಲೆ ಸರ್ಕಾರದ ಫಾರಂ ಹರಡಿಕೊಂಡು ಕೇಳಿದರು.

"ಊಟ, ನಿದ್ದೆ ಎಲ್ಲ ಸರಿ ಉಟ್ಟು, ಹೊಡೆಯುದು ಏನೂ ಇಲ್ಲೆ," ಎಂದಳು ಕಮಲ. ಅವಳ ಅತ್ತೆ ಪೂವಮ್ಮ ಈ ವಯಸ್ಸಿನಲ್ಲೂ ಅವಳಿಗಿಂತ ಹೆಚ್ಚು ಕಾಫಿ ಕೊಯ್ಯುತ್ತಿದ್ದಳು.

"ಮತ್ತೆ ಕಾಯಿಲೆ ಯಾವುದು?"

ಕಮಲಳ ಅಣ್ಣ ಬೆಳ್ಳಿಯಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಭಾವ, ಇವಳ ಗಂಡ, ಸತ್ತು ಮೂರು ತಿಂಗಳಾಯ್ತು. ಅವರ ತಾಯಿ ದಿನಾ ಮಧ್ಯಾಹ್ನ ಅವರಿಗೆ ಎಲೆ ಹಾಕಿ ಬಡಿಸ್ತಾರೆ. ಬಾಗಿಲು ಮುಚ್ಚಿಕೊಂಡು ಮಾತಾಡ್ತಾರೆ. ಈಗಲೂ ಒಳಗೇ ಇದ್ದಾರೆ."

"ಹಿರಿಯರಿಗೆ ಬಡಿಸಿ ಬಾಗಿಲು ಮುಚ್ಚುವುದು ನಿಮ್ಮಲ್ಲಿ ಇದೆಯಲ್ಲ?"

"ಅದು ವರ್ಷಕ್ಕೊಂದು ಸಲ, ಎಲ್ಲರೂ ಮಾಡ್ತೇವೆ. ದಿನಾ ಯಾರು ಮಾಡ್ತಾರೆ?"

ಡಾಕ್ಟರು ನಗಲಿಲ್ಲ. "ಎಲ್ಲರೂ ಮಾಡಿದರೆ ಪದ್ಧತಿ, ಒಬ್ಬರೇ ಮಾಡಿದರೆ ಹುಚ್ಚು ಎಂದು ನಾನು ಬರೆಯಲಾರೆ. ಅದರಿಂದ ಅವರಿಗೋ ನಿಮಗೋ ಬದುಕುವುದು ಕಷ್ಟವಾಗಿದೆಯೆ, ಹೇಳಿ. ಆಗಿದ್ದರೆ ರುಜು ಹಾಕುತ್ತೇನೆ, ನಾಳೆಯೇ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬಹುದು." ಅವರು ಕಮಲಳನ್ನೇ ನೋಡಿದರು.

ಕಷ್ಟವಾಗದೆ ಇದ್ದೀತೆ? ಊರ ಬಾಯಿಗೆ ಬೀಗ ಹಾಕುವವರು ಯಾರು? ಕೆಲಸದ ಹೆಂಗಸರು ಈ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಆದರೆ ಕಮಲ ಹೆದರಿದ್ದು ಅದಕ್ಕಲ್ಲ. ಇತ್ತೀಚೆಗೆ ಆ ಬಾಗಿಲು ಮುಚ್ಚಿದೊಡನೆ ಅವಳ ಕೈಕೆಲಸ ನಿಲ್ಲುತ್ತಿತ್ತು, ಗಂಡನ ದನಿಗಾಗಿ ಕಿವಿ ಅತ್ತಲೇ ಹೋಗುತ್ತಿತ್ತು. ಅತ್ತೆ ಆಸ್ಪತ್ರೆಗೆ ಹೋದರೆ ತಾನಾದರೂ ಹುಚ್ಚು ಹಿಡಿಯದೆ ಉಳಿದೇನು ಎಂದು ಡಾಕ್ಟರನ್ನು ಕರೆಸಿದವಳು ಅವಳೇ.

"ಕಷ್ಟ..." ಎಂದು ಬಾಯಿ ತೆರೆದಳು. ಕೋಣೆಯ ಬಾಗಿಲು ತುಸು ಸರಿದು ಪೂವಮ್ಮನ ಮುಖ ಕಾಣಿಸಿತು.

"ಕಮಲ, ಪಲ್ಯಕ್ಕೆ ಉಪ್ಪೇ ಇಲ್ಲೆ ಗಡ. ಅವಂಗೆ ಉಪ್ಪು ಬೇಕು ಗಡ," ಎಂದಳು, ಒಳಗೆ ಮಗ ಹೇಳಿದ್ದನ್ನೇ ತಲುಪಿಸುವವಳಂತೆ.

ಕಮಲ ಎದ್ದು ಅಡಿಗೆಮನೆಗೆ ಹೋದಳು. ಬಾಣಲೆಯಿಂದ ಚಿಟಿಕೆ ಪಲ್ಯ ತೆಗೆದು ನಾಲಗೆಗಿಟ್ಟಳು. ಬರೀ ಸಪ್ಪೆ. ಡಾಕ್ಟರು ಬರುವ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಮಗ ಉಣ್ಣುವ ಮುಂಚೆ ಅತ್ತೆ ಒಂದು ಅಗುಳನ್ನೂ ಬಾಯಿಗೆ ಹಾಕಿದವಳಲ್ಲ. ಹಾಗಾದರೆ ಉಪ್ಪಿಲ್ಲವೆಂದು ಅವಳಿಗೆ ಹೇಳಿದವರು ಯಾರು?

"ಹೇಳಿ, ಏನೆಂದು ಬರೆಯಲಿ?" ಜಗಲಿಯಿಂದ ಡಾಕ್ಟರು ಕೇಳಿದರು.

"ಕಷ್ಟ ಏನೂ ಇಲ್ಲೆ," ಎಂದಳು ಕಮಲ ಒಳಗಿನಿಂದಲೇ.

ಬೆಳ್ಳಿಯಪ್ಪ ಗಾಬರಿಯಿಂದ ಬಾಗಿಲ ತನಕ ಬಂದ. ಅವಳು ಅವನತ್ತ ನೋಡಲಿಲ್ಲ. ಅಂಗೈಯಲ್ಲಿ ಉಪ್ಪು ಹಿಡಿದು, ಸೆರಗು ಸರಿಮಾಡಿಕೊಂಡು ಅತ್ತೆಯ ಹಿಂದೆ ಕೋಣೆಗೆ ಹೋದಳು. ಬಾಗಿಲನ್ನು ಒಳಗಿನಿಂದ ಎಳೆದುಕೊಂಡಳು.