ಮೂಸದೆ ಕೊಂಡ ಸೆಂಟು

ಕುಳ್ಳಯ್ಯ ಕಾಲಿಗಿಂತ ಮೊದಲು ಮೂಗನ್ನು ಮುಂದಿಡುತ್ತಿದ್ದ. ಹೆಸರು ಕುಳ್ಳಯ್ಯನಾದರೂ ಆಳು ಊರಿಗೇ ಉದ್ದ. ಆ ಉದ್ದನೆಯ ದೇಹವನ್ನು ಸೊಂಟದಿಂದ ತುಸು ಬಗ್ಗಿಸಿ, ಗದ್ದವನ್ನು ಮೇಲೆತ್ತಿ, ಹೊಳ್ಳೆಗಳನ್ನು ಅರಳಿಸುತ್ತ ಅವನು ಗುರುಪುರದ ರಸ್ತೆಯಲ್ಲಿ ಬರುತ್ತಿದ್ದರೆ, ಕಣ್ಣಿಗೆ ಕಾಣದ ಮೂಗುದಾರ ಹಾಕಿ ಯಾರೋ ಅವನನ್ನು ಎಳೆದೊಯ್ಯುತ್ತಿದ್ದಾರೇನೋ ಎನಿಸುತ್ತಿತ್ತು. ಮೈಮೇಲೆ ಬೇಸಿಗೆ ಮಳೆಗಾಲವೆನ್ನದೆ ಒಂದು ಖಾಕಿ ಕೋಟು. ಫಾರೆಸ್ಟ್ ಗಾರ್ಡ್ ಆಗಿದ್ದ ಭಾವಮೈದ ನಿವೃತ್ತನಾದಾಗ ಕೊಟ್ಟದ್ದು. ಅದರ ತೋಳುಗಳು ಇವನ ಮಣಿಕಟ್ಟಿನವರೆಗೆ ಬರಲಾರದೆ ನಡುದಾರಿಯಲ್ಲೇ ನಿಂತುಬಿಟ್ಟಿದ್ದವು. ಏನೇ ಮಾತು ಬರಲಿ, ಮೊದಲ ವಾಕ್ಯ ಒಂದೇ: “ತಡಿ, ಒಸಿ ಮೂಸ್ನೋಡವ.”

ಹಲಸು, ಹಾಲು, ಹಿಂಡಿ, ಹೊಸ ಪಂಚೆ, ಯಾವುದನ್ನೂ ಅವನು ಮೂಸದೆ ಮನೆಯೊಳಗೆ ತಂದವನಲ್ಲ. ತಂಗಿಯ ಮಗನಿಗೆ ಹೆಣ್ಣು ನೋಡಲು ಪಿರಿಯಾಪಟ್ಟಣದ ಕಡೆ ಹೋದಾಗ, ಜಗಲಿಯಲ್ಲಿ ಕೂತಿದ್ದವನು ಇದ್ದಕ್ಕಿದ್ದಂತೆ, “ಈ ಮನೇಲಿ ಎರಡು ಸಾರು ಬೇಯ್ತಾ ಅವೆ” ಎಂದನಂತೆ. ವಿಚಾರಿಸಿದರೆ, ಒಗ್ಗಟ್ಟಿನ ಮನೆಯೆಂದು ಹೆಸರಾಗಿದ್ದ ಅಲ್ಲಿ ಅಣ್ಣತಮ್ಮಂದಿರು ಒಳಗೊಳಗೇ ಒಲೆ ಬೇರೆ ಮಾಡಿಕೊಂಡಿದ್ದರು! ಇನ್ನೊಮ್ಮೆ ವೀರನಹೊಸಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತು, ಜನವೆಲ್ಲ ಇಳಿಯಲು ಎದ್ದಾಗ, ಬಾಗಿಲಿಗೆ ಅಡ್ಡ ನಿಂತು, “ಇಳೀಬ್ಯಾಡಿ, ಆನೆ ಅದೆ” ಎಂದ. ಬೈದುಕೊಂಡು ಕೂತವರ ಕಣ್ಣೆದುರೇ ಬಿದಿರು ಮೆಳೆ ಸರಿದು, ಒಂಟಿ ಸಲಗ ನಿಧಾನವಾಗಿ ರಸ್ತೆ ದಾಟಿತು.

ಆದರೆ ಅವನ ಮೂಗಿಗೆ ನಿಜವಾದ ಮರ್ಯಾದೆ ಇದ್ದದ್ದು ಹೊಗೆಸೊಪ್ಪಿನ ಕಾಲದಲ್ಲಿ. ಹೊಲದಿಂದ ಮುರಿದು ತಂದ ಹಸಿರೆಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಕಿರುಮನೆಯೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಹೊರಗಿನ ಒಲೆಯ ಬೆಂಕಿಯಿಂದ ನೆಲದ ಕಬ್ಬಿಣದ ಕೊಳವೆಗಳನ್ನು ಕಾಯಿಸಿ, ಐದಾರು ದಿನ ಹದವಾಗಿ ಬೇಯಿಸಬೇಕು. ಕಾವು ಒಂದು ಗಳಿಗೆ ತಪ್ಪಿದರೆ ಚಿನ್ನದ ಬಣ್ಣ ಬರಬೇಕಾದ ಎಲೆ ಕರಕಲಾಗುತ್ತದೆ. ಒಂದು ಒಣಗಿದ ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನೇ ಬೂದಿ. ಗೋಡೆಯಲ್ಲಿ ತೂಗುಹಾಕಿದ ಥರ್ಮಾಮೀಟರನ್ನು ನಂಬದವರು ಕೂಡ ಕುಳ್ಳಯ್ಯನನ್ನು ನಂಬುತ್ತಿದ್ದರು. ಅವನು ಕಿಂಡಿಗೆ ಮೂಗಿಟ್ಟು ಕಣ್ಣು ಮುಚ್ಚಿ, “ಒಂದು ಕೊಳ್ಳಿ ಈಚೆಗೆಳೀರಿ” ಎಂದರೆ, ಅದು ವೇದವಾಕ್ಯ.

ತೊಂಬತ್ತೆಂಟರ ಆಷಾಢದಲ್ಲಿ ಅವನಿಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದವನು, ಹೆಂಡತಿ ಚಿಕ್ಕಬೀರಮ್ಮ ಬಡಿಸಿದ ಉಪ್ಸಾರಿಗೆ ಮುದ್ದೆ ಅದ್ದಿ ನುಂಗಿ, “ಇದ್ಕೇನೂ ಹಾಕಿಲ್ವಾ?” ಎಂದು ಕೇಳಿದ. ಅವಳು ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು. ಅವನು ಕೊಟ್ಟಿಗೆಗೆ ಹೋದ, ತಿಪ್ಪೆಯ ಬಳಿ ನಿಂತ, ಅಟ್ಟದ ಮೇಲಿನ ಹಳೆಯ ಹೊಗೆಸೊಪ್ಪನ್ನು ಅಂಗೈಯಲ್ಲಿ ಪುಡಿಮಾಡಿ ಮೂಗಿಗೆ ಒತ್ತಿಕೊಂಡ. ಸೀನು ಬಂತು, ವಾಸನೆ ಬರಲಿಲ್ಲ. ತನಗೇನೋ ಆಗಿದೆಯೆಂದು ಅವನಿಗೆ ಮೊದಲು ತೋಚಲೇ ಇಲ್ಲ. ಜಗತ್ತಿಗೇ ಏನೋ ಆಗಿದೆ, ಮಳೆ ಹೆಚ್ಚಾಗಿ ಎಲ್ಲ ವಾಸನೆಯೂ ತೊಳೆದುಹೋಗಿದೆ ಎಂದುಕೊಂಡು, ಪಕ್ಕದ ಹೊಲದ ನಂಜಣ್ಣನನ್ನು ತಡೆದು, “ಸಗಣಿ ನಾರ್ತಾ ಅದೇನ್ಲಾ?” ಎಂದು ಕೇಳಿದ. ನಂಜಣ್ಣ ಅದನ್ನು ಹಾಸ್ಯವೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವಿನಲ್ಲಿ ಕುಳ್ಳಯ್ಯನಿಗೆ ವಿಷಯ ತಿಳಿಯಿತು. ತಿಳಿದದ್ದನ್ನು ಯಾರಿಗೂ ಹೇಳಲಿಲ್ಲ. ಶ್ರಾವಣದಲ್ಲಿ ಎರಡು ಬ್ಯಾರನ್ನಿನವರು ಕರೆಯಲು ಬಂದಾಗ ಸೊಂಟನೋವೆಂದು ಮಲಗಿಬಿಟ್ಟ.

ಸಾರಿನ ರುಚಿ ಹೋದದ್ದನ್ನು ಅವನು ಹೇಗೋ ಸಹಿಸಿಕೊಂಡ. ಸಹಿಸಲಾಗದೆ ಹೋದದ್ದು, ತನ್ನ ಮೈ ತನಗೇ ಅಪರಿಚಿತವಾದದ್ದು. ತಾನು ಈಗ ಹೇಗಿದ್ದೇನೆ, ಬೆವರು ನಾರುತ್ತಿದ್ದೇನೆಯೇ, ಕೋಟು ಹುಳಿ ಬಂದಿದೆಯೇ? ಒಂದೂ ಗೊತ್ತಾಗದು. ಬಸ್ಸಿನಲ್ಲಿ ಪಕ್ಕದವರು ಕಿಟಕಿಯತ್ತ ಸರಿದರೆ ತನ್ನಿಂದಲೇ ಎಂದುಕೊಳ್ಳುವನು. ಹೋಟೆಲಿನಲ್ಲಿ ಯಾರಾದರೂ ಮೂಗು ಉಜ್ಜಿಕೊಂಡರೆ ಎದ್ದು ಹೊರಗೆ ಬರುವನು. ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದ. ಅದೂ ಸಾಲದೆನಿಸಿ ಒಂದು ದಿನ ಹುಣಸೂರಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಪಕ್ಕದ ಲಿಂಗರಾಜುವಿನ ಫ್ಯಾನ್ಸಿ ಸ್ಟೋರಿನ ಮುಂದೆ ನಿಂತ.

“ಸೆಂಟ್ ಕೊಡಪ್ಪ. ಕಮ್ಮೀದು.”

ಲಿಂಗರಾಜುವಿಗೆ ಇವನ ಕೀರ್ತಿ ಗೊತ್ತಿತ್ತು. ದೊಡ್ಡ ಪರೀಕ್ಷೆಗೆ ಕೂತವನಂತೆ ಮೂರು ನಾಲ್ಕು ಶೀಷೆಗಳನ್ನು ಸಾಲಾಗಿಟ್ಟು, ಒಂದರ ಮುಚ್ಚಳ ತೆಗೆದು ಮುಂದೆ ಹಿಡಿದ. “ಮೂಸ್ನೋಡಣ್ಣ, ನೀನು ಯಾವ್ದು ಅಂದ್ರೆ ಅದೇ ಸೈ.”

ಕುಳ್ಳಯ್ಯ ಶೀಷೆಗಳನ್ನು ಮಿಕಮಿಕನೆ ನೋಡಿದ. ಒಂದರ ಮೇಲೆ ಮುಂಗಾಲೆತ್ತಿದ ಕುದುರೆಯ ಚಿತ್ರವಿತ್ತು. ಗಂಡಸಿನ ಲಕ್ಷಣವೆನಿಸಿತು.

“ಮೂಸಾದೇನ್ ಬ್ಯಾಡ. ಈ ಕುದ್ರೇದು ಕೊಡು.”

ಲಿಂಗರಾಜು ಮುಚ್ಚಳ ಹಿಡಿದ ಕೈಯನ್ನು ಹಾಗೇ ಬಿಟ್ಟು ನಿಂತುಬಿಟ್ಟ. ಕುಳ್ಳಯ್ಯ ಬಸ್ಸು ಹತ್ತಿ ಊರು ಸೇರುವ ಮೊದಲೇ, ಅದಕ್ಕೂ ಮೊದಲು ಹೊರಟ ಬಸ್ಸಿನಲ್ಲಿದ್ದವರು ಸುದ್ದಿಯನ್ನು ಇಳಿಸಿದ್ದರು: ಕುಳ್ಳಯ್ಯ ಸೆಂಟು ಕೊಂಡನಂತೆ, ಅದೂ ಮೂಸದೆ!

ಸೆಂಟು ಎಷ್ಟು ಹಾಕಿಕೊಳ್ಳಬೇಕೆಂಬುದು ಮೂಗಿದ್ದವರಿಗೆ ಮಾತ್ರ ತಿಳಿಯುವ ಲೆಕ್ಕ. ಅವನು ಮರುದಿನ ಕುತ್ತಿಗೆ, ಕಂಕುಳು, ಕೋಟಿನ ಒಳಗೆಲ್ಲ ಸುರಿದುಕೊಂಡು ಹೊರಟರೆ, ಮೂರು ಮನೆಯಾಚೆಯವರು ಬಾಗಿಲಿಗೆ ಬಂದು ನೋಡಿದರು. ಚಿಕ್ಕಬೀರಮ್ಮ ಕಸಬರಿಕೆ ಕೈಲಿ ಹಿಡಿದೇ ನಿಂತಳು.

“ಯಾವಳಿಗೆ ಅಂತ ತಂದ್ರಿ ಇದ್ನ? ಹೆಂಗಸ್ರ ಸೆಂಟು ಕಣ್ರೀ ಇದು!”

“ಕುದ್ರೆ ಅದೆಯಲ್ಲೇ ಅದ್ರ ಮ್ಯಾಲೆ” ಎಂದ ಕುಳ್ಳಯ್ಯ.

“ಕುದ್ರೆ ಮಲ್ಲಿಗೆ ಮುಡೀತದಾ?”

ಅವನಿಗೆ ಏನೂ ಅರ್ಥವಾಗಲಿಲ್ಲ. ತನ್ನ ಮೈಯಿಂದಲೇ ಮಲ್ಲಿಗೆ ಹೊಮ್ಮುತ್ತಿದೆಯೆಂದರೆ ನಂಬಬೇಕೋ ಬೇಡವೋ ತಿಳಿಯಲಿಲ್ಲ. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಹೆಂಡತಿ ಹೋಗುವ ಹಾಗಿದೆ. ನಾಲ್ಕು ದಿನ ಆ ಮನೆಯಲ್ಲಿ ಮಾತೇ ಇರಲಿಲ್ಲ.

ಐದನೆಯ ದಿನ ಗುರುಶಾಂತಮ್ಮ ಖುದ್ದಾಗಿ ಬಂದು ನಿಂತರು. ಗಂಡ ತೀರಿದ ಮೇಲೆ ಒಬ್ಬರೇ ಬೇಸಾಯ ನಡೆಸುತ್ತಿದ್ದ ಹೆಣ್ಣುಮಗಳು. ಆ ವರ್ಷದ ಅವರ ಮೊದಲ ಬ್ಯಾರನ್ನಿಗೆ ಬೆಂಕಿ ಹಾಕುವುದಿತ್ತು. ಸೊಂಟನೋವಿನ ನೆಪವನ್ನು ಕಿವಿಗೆ ಹಾಕಿಕೊಳ್ಳದೆ ಅವನನ್ನು ಕರೆದೊಯ್ದರು. ಕಡ್ಡಿಗೆ ಸೊಪ್ಪು ಕಟ್ಟುವ ಕೂಲಿಗೆ ಚಿಕ್ಕಬೀರಮ್ಮನೂ ಅಲ್ಲಿಗೇ ಹೋಗುತ್ತಿದ್ದಳು. ಬೆಂಕಿ ಹಾಕಿದ ಮೂರನೆಯ ದಿನ ಮಧ್ಯಾಹ್ನ, ಚಪ್ಪರದ ಕೆಳಗೆ ಹೆಂಗಸರೆಲ್ಲ ಮುಂದಿನ ಸಲಕ್ಕೆ ಸೊಪ್ಪು ಕಟ್ಟುತ್ತ ಕೂತು ನೋಡುತ್ತಿರುವಂತೆಯೇ, ಕುಳ್ಳಯ್ಯ ಕಿಂಡಿಗೆ ಮೂಗಿಟ್ಟ, ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿದ. ಮುಖಕ್ಕೆ ಬಿಸಿ ಹೊಡೆಯಿತು. ಮತ್ತೇನೂ ಇಲ್ಲ.

“ಇನ್ನೂ ಒಂದ್ ಕೊಳ್ಳಿ ಇಡಿ” ಎಂದ.

ಆ ಕ್ಷಣದಲ್ಲೇ ಚಿಕ್ಕಬೀರಮ್ಮ ಮಡಿಲಲ್ಲಿದ್ದ ಸೊಪ್ಪನ್ನೆಲ್ಲ ಕೊಡವಿ ಎದ್ದಳು. “ಸೀಯ್ತಾ ಅದೆ! ಸೊಪ್ಪು ಸೀಯ್ತಾ ಅದೆ, ಬಾಗ್ಲು ತೆಗೀರೋ!”

ಬಾಗಿಲು ತೆಗೆದರೆ, ಕೆಳಗಿನ ಕಡ್ಡಿಯಿಂದ ಉದುರಿದ ಎಲೆಗಳು ಕೊಳವೆಯ ಮೇಲೆ ಹೊಗೆಯಾಡುತ್ತಿದ್ದವು. ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ಹಸಿ ಗೋಣಿ ಎಸೆದು, ಹೊಗೆಯಾಡುವುದನ್ನು ಹೊಸಕಿ ಹಾಕಿದರು. ಹತ್ತು ಹನ್ನೆರಡು ಕಡ್ಡಿಯ ಸೊಪ್ಪು ಕಂದಿಹೋಗಿತ್ತು, ಉಳಿದದ್ದು ಉಳಿಯಿತು. ಗುರುಶಾಂತಮ್ಮ ಬೆವರೊರೆಸಿಕೊಂಡು ಅವನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು.

“ಅಲ್ಲ ಕುಳ್ಳಣ್ಣ, ಮೂಗಿಟ್ಟವನು ನೀನು, ಗೊತ್ತಾದದ್ದು ಅವ್ಳಿಗೆ! ಈ ಹಾಳು ಸೆಂಟು ನಿನ್ ಮೂಗನ್ನೇ ಮುಚ್ಚಾಕಿರ್ಬೇಕು, ಅಲ್ವಾ?”

ಎಷ್ಟು ಸಲೀಸಾದ ದಾರಿ! ಹೌದೆಂದರೆ ಸಾಕು, ತಪ್ಪೆಲ್ಲ ಸೆಂಟಿನದು. ಕುಳ್ಳಯ್ಯ ಹೌದೆನ್ನಲು ಬಾಯಿ ತೆರೆದ. ಎದುರಿಗೆ ಚಿಕ್ಕಬೀರಮ್ಮ ನಿಂತಿದ್ದಳು, ಕೈಗೆಲ್ಲ ಹೊಗೆಸೊಪ್ಪಿನ ಅಂಟು, ಕಣ್ಣಲ್ಲಿ ವಾರದಿಂದ ಉಳಿದ ಪ್ರಶ್ನೆ.

“ಇಲ್ಲ ಗುರುಶಾಂತಮ್ನೋರೆ. ಎರಡು ತಿಂಗ್ಳಾತು. ನಂಗೆ ಯಾವ ವಾಸ್ನೇನೂ ಬರಾಕಿಲ್ಲ. ನಾನು ನಾರ್ತಿದ್ದೀನೋ ಏನೋ ಅಂತ ಈ ಸೆಂಟು ತಂದೆ. ಇದ್ರ ವಾಸ್ನೇನೂ ನಂಗೊತ್ತಿಲ್ಲ.”

ಚಿಕ್ಕಬೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ, ಅದ್ಕೇ ಸಾರು ಚಪ್ಪೆ ಅಂದದ್ದಾ?” ಎಂದಳು. ನಕ್ಕಳೋ ಅತ್ತಳೋ ಅವನಿಗೆ ತಿಳಿಯಲಿಲ್ಲ; ಬಹುಶಃ ಅವಳಿಗೂ.

ಗುರುಶಾಂತಮ್ಮ ಬ್ಯಾರನ್ನಿನ ಬಾಗಿಲತ್ತ ಕೈ ತೋರಿಸಿದರು. “ಮೂಗು ಹೋದ್ರೆ ಹೋಗ್ಲಿ. ಮಿಕ್ಕ ಸೊಪ್ಪು ಒಳಗದೆ. ಈಗೇನ್ ಮಾಡ್ಬೇಕು, ಹೇಳು.”

ಕುಳ್ಳಯ್ಯ ಹೆಂಡತಿಯನ್ನು ಕಿಂಡಿಯ ಬಳಿಗೆ ಕರೆದ. “ಎಂಗ್ ಬತ್ತದೆ ವಾಸ್ನೆ? ನೋಡಿ ಹೇಳು.”

“ಬಾಡಿದ ಹುಲ್ಲು... ಅದ್ರ ಹಿಂದೆ ಒಸಿ ಬೆಲ್ಲದ ಥರ.”

“ಅಚ್ಚುಬೆಲ್ಲವೋ, ಕಾಯ್ತಾ ಇರೋ ಪಾಕವೋ?”

ಅವಳು ಮತ್ತೆ ಮೂಗಿಟ್ಟಳು. “ಪಾಕ. ಇನ್ನೂ ಎಳೇ ಪಾಕ.”

“ಅಂಗಾದ್ರೆ ಮೇಲಿನ ಕಿಂಡಿ ಎರಡು ಬೆರಳು ತೆಗೀರಿ. ಒಲೆಗೆ ಈಗ್ಲೇ ಕೊಳ್ಳಿ ಇಡಬ್ಯಾಡಿ.”

ಆ ಬ್ಯಾರನ್ನಿನ ಸೊಪ್ಪು ಮೇಲ್ತರದ್ದೇನೂ ಆಗಲಿಲ್ಲ, ಆದರೆ ಕೆಡಲಿಲ್ಲ. ಸುದ್ದಿ ಹಬ್ಬಿದ ಮೇಲೆ ಅನೇಕರು ಅವನನ್ನು ಕರೆಯುವುದನ್ನು ಬಿಟ್ಟರು. ಕೆಲವರು ಗಂಡಹೆಂಡಿರಿಬ್ಬರನ್ನೂ ಕರೆದರು. ವಾಸನೆ ಅವನಿಗೆ ಮರಳಲೇ ಇಲ್ಲ. ಆರೇಳು ವರ್ಷ ಅವರಿಬ್ಬರೂ ಹಂಪಾಪುರದವರೆಗೂ ಬ್ಯಾರನ್ನುಗಳಿಗೆ ಹೋಗಿ ಬಂದರು. ಅವಳು ವಾಸನೆಯನ್ನು ಮಾತಾಗಿಸುವಳು, ಇವನು ಆ ಮಾತನ್ನು ಒರೆಗೆ ಹಚ್ಚುವನು. ಕೆಲವು ಸಲ ಒಂದು ಮಾತಿಗಾಗಿ ಕಿಂಡಿಯ ಮುಂದೆಯೇ ಜಗಳವಾಗುತ್ತಿತ್ತು, ಒಮ್ಮೊಮ್ಮೆ ಅಂದಾಜು ತಪ್ಪುತ್ತಲೂ ಇತ್ತು.

ಒಂದೇ ಒಂದು ವರದ ಬಲದಿಂದ ಬದುಕುವ ಜನ ನಮ್ಮ ನಡುವೆ ಅಲ್ಲಲ್ಲಿ ಇರುತ್ತಾರೆ. ಊರು ಆ ವರವನ್ನು ಎಷ್ಟು ಹೊಗಳುತ್ತದೆಂದರೆ, ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬುದು ಊರಿಗೂ ಮರೆತುಹೋಗುತ್ತದೆ, ಅವನಿಗೂ ಮರೆತುಹೋಗುತ್ತದೆ. ವರ ಕೈಬಿಟ್ಟ ದಿನ ಅವರು ಕತ್ತಲಲ್ಲಿ ತಡವರಿಸಿ, ನಗೆಪಾಟಲಿಗೆ ಈಡಾಗಿ, ಸುಳ್ಳು ಹೇಳಿ ಸೋಲುತ್ತಾರೆ. ಆದರೆ ಅಂಥವರಲ್ಲಿ ಕೆಲವರು, ನಾಲ್ಕು ಜನರ ಎದುರು ‘ನನಗೆ ತಿಳಿಯುತ್ತಿಲ್ಲ’ ಎಂದು ಒಮ್ಮೆ ಹೇಳಿಬಿಡುತ್ತಾರೆ. ಹೇಳಿದ ಮೇಲೂ ಗೊಂದಲ ತೀರುವುದಿಲ್ಲ. ಆದರೆ ಅಲ್ಲಿಂದ ಮುಂದೆ ಅದನ್ನು ಒಬ್ಬರೇ ಹೊರಬೇಕಾಗುವುದಿಲ್ಲ.