ಕೇಳಿದವರು ಯಾರು?

ಉಷಾ ಕಾವಲಿಯ ಮೇಲೆ ದೋಸೆ ಹುಯ್ದು ಮುಚ್ಚಳ ಮುಚ್ಚುವಷ್ಟರಲ್ಲಿ ಫೋನ್ ಬಂತು. ಗುರುತಿಲ್ಲದ ನಂಬರು. ಹಿಂದಿನ ಸಂಜೆಯಿಂದ ಇಂಥ ಕರೆಗಳು ಬರುತ್ತಲೇ ಇದ್ದವು. ಬೈಗುಳ ಕಿವಿಗೆ ಬಿದ್ದೊಡನೆ ಅವಳು ಕಟ್ ಮಾಡಿಬಿಡುತ್ತಿದ್ದಳು. ಈ ದನಿ ಬೈಯಲಿಲ್ಲ. ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ, "ಟೀಚರ್, ನೀವು ಮಾಧವರಂ ಡೈರಿ ಹತ್ತಿರ ಬಸ್ ಹತ್ತೋರಲ್ವಾ? ನಿನ್ನೆಯ ನೀಲಿ ಸೀರೆ ಚೆನ್ನಾಗಿತ್ತು" ಎಂದಿತು. ಅಷ್ಟೇ. ಲೈನ್ ಕಟ್ಟಾಯಿತು.

ಸೀದ ವಾಸನೆಗೆ ಅತ್ತೆ ಜಾನಕಮ್ಮ ಒಳಗೆ ಬಂದು ಒಲೆ ಆರಿಸಿದರು. "ಯಾರೇ ಅದು? ಮುಖ ಯಾಕೆ ಹೀಗಾಯ್ತು?"

"ಯಾರೂ ಇಲ್ಲ ಅತ್ತೆ. ರಾಂಗ್ ನಂಬರ್."

ಗಂಡ ಸೀತಾರಾಮನ ಹತ್ತಿರ ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ರೈಲ್ವೆ ಆಫೀಸಿಗೆ ಹೊರಟಿದ್ದವನು ಷೂ ಕೈಯಲ್ಲೇ ಹಿಡಿದು ಕುಳಿತ. "ನಂದು ಸೆಂಟ್ರಲ್ ಗವರ್ನಮೆಂಟ್ ಕೆಲಸ ಅನ್ನೋದಾದ್ರೂ ನೆನಪಿತ್ತಾ ನಿಂಗೆ? ಪುಸ್ತಕದಲ್ಲಿರೋದು ಓದಿ ಹೇಳಿ ಬಂದಿದ್ರೆ ಆಗ್ತಿರಲಿಲ್ವಾ?"

"ಮಗು ಕೇಳಿತು. ಉತ್ತರ ಹೇಳದೆ ಹೇಗೆ ಬರಲಿ?"

"ನಾಳೆ ಹೇಳ್ತೀನಿ ಅಂತ ಕೂರಿಸಬೇಕಿತ್ತು," ಎಂದ. ಆದರೂ ಆ ದಿನ ತಾನೇ ಸ್ಕೂಟರಿನಲ್ಲಿ ಅವಳನ್ನು ವಡಪಳನಿಯ ಶಾಲೆಯವರೆಗೆ ಬಿಡಲು ಬಂದ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದಿನ ಬೈಕುಗಳನ್ನು ನೋಡುತ್ತಿದ್ದ.

ನಡೆದದ್ದು ಇಷ್ಟು. ಹನ್ನೊಂದನೆಯ ತರಗತಿಗೆ ಉಷಾ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ಬೋರ್ಡಿನ ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ರಷ್ಯಾ ಎಂದು ಬರೆದು, ಈ ಎರಡು ದೊಡ್ಡ ದೇಶಗಳು ಬೇರೆಯವರ ನೆಲಕ್ಕೆ ಸೈನ್ಯ ನುಗ್ಗಿಸಿದಾಗ ಕೊಟ್ಟ ಕಾರಣಗಳನ್ನು ಮಕ್ಕಳಿಂದಲೇ ಹೇಳಿಸಿದಳು. ಇರಾಕ್, ಉಕ್ರೇನ್. ನಮ್ಮ ರಕ್ಷಣೆಗಾಗಿ, ಅಲ್ಲಿನ ಜನರ ಒಳಿತಿಗಾಗಿ. ಎರಡೂ ಕಡೆ ಹೆಚ್ಚುಕಡಿಮೆ ಅವೇ ಮಾತುಗಳು ಬಂದಾಗ ಮಕ್ಕಳು ನಕ್ಕರು. ಆಗ ವೃಂದಾ ಎಂಬ ಹುಡುಗಿ ಎದ್ದು ನಿಂತಳು. "ಮಿಸ್, ಉಕ್ರೇನ್ ವಿಷಯ ವಿಶ್ವಸಂಸ್ಥೆಯಲ್ಲಿ ಓಟಿಗೆ ಬಂದಾಗ ನಮ್ಮ ದೇಶ ಯಾವ ಕಡೆಗೂ ಓಟು ಹಾಕಲಿಲ್ಲ. ನಾವು ಸುಮ್ಮನಿದ್ದದ್ದು ಸರೀನಾ?"

ಉಷಾ ಯೋಚಿಸಿಯೇ ಉತ್ತರಿಸಿದ್ದಳು. ಸರ್ಕಾರಕ್ಕೆ ತನ್ನವೇ ಕಾರಣಗಳಿರಬಹುದು, ಎಣ್ಣೆ, ಆಯುಧ, ಗಡಿಯ ಚಿಂತೆ, ಎಂದಳು. ಆಮೇಲೆ, "ನಮ್ಮ ಸರ್ಕಾರವೂ ಅವರಷ್ಟೇ ಸ್ವಾರ್ಥಿ ಅಂತ ಯಾರಾದರೂ ಹೇಳಿದರೆ ಆಧಾರ ಕೇಳಿ. ಅಲ್ಲವೇ ಅಲ್ಲ ಅಂದರೂ ಆಧಾರ ಕೇಳಿ. ಹೊರಗಿನವರನ್ನು ಕೇಳಿದ ಹಾಗೆ ನಮ್ಮವರನ್ನೂ ಕೇಳಬೇಕು" ಎಂದಳು.

ಹಿಂದಿನ ಬೆಂಚಿನಿಂದ ಯಾರೋ ಫೋನಿನಲ್ಲಿ ಹಿಡಿದಿದ್ದರು. ಊರೆಲ್ಲ ಸುತ್ತಿದ ವೀಡಿಯೋದಲ್ಲಿ ಉಳಿದದ್ದು "ನಮ್ಮ ಸರ್ಕಾರವೂ ಅವರಷ್ಟೇ ಸ್ವಾರ್ಥಿ" ಎಂಬಷ್ಟು ಮಾತ್ರ. ಅದನ್ನು ಅವಳ ಹೆಸರು, ಫೋಟೋ, ಫೋನ್ ನಂಬರ್ ಸಮೇತ ಹತ್ತಾರು ಗ್ರೂಪುಗಳಿಗೆ ಕಳಿಸಿ, 'ಇಂಥವರನ್ನು ಶಾಲೆಯಲ್ಲಿಡಬೇಕೇ?' ಎಂದು ಕೇಳಿದ್ದವರು ಗಿರಿಧರ್. ಪೆರುಂಗುಡಿಯಲ್ಲಿ ಕಂಪನಿ ಕೆಲಸ, ಶಾಲೆಯ ಪೋಷಕರ ಸಂಘದಲ್ಲಿ ಮುಂದಾಳು. ವೃಂದಾಳ ತಂದೆ. ಪ್ರಶ್ನೆ ಕೇಳಿದ್ದು ಮಗಳೇ ಎಂದು ಅವರಿಗೆ ಗೊತ್ತಿರಲಿಲ್ಲ.

ಪ್ರಿನ್ಸಿಪಾಲ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಉಷಾ, ಮಧ್ಯಾಹ್ನ ಗಿರಿಧರ್ ಬರ್ತಾರೆ. ಮ್ಯಾನೇಜ್‌ಮೆಂಟಿನವರು ಹೆದರಿಹೋಗಿದ್ದಾರೆ. ನೀವಾಗಿ ಈ ಮಾತು ಎತ್ತಲಿಲ್ಲ, ಒಂದು ಮಗು ಕೆದಕಿತು ಅಂತ ಹೇಳಿ. ಹೆಸರು ಕೊಡಿ. ಆ ಮಗೂನ ಕರೆದು ಎಚ್ಚರಿಕೆ ಕೊಟ್ಟು ಮುಗಿಸೋಣ."

"ಎಚ್ಚರಿಕೆ ಯಾತಕ್ಕೆ ಮೇಡಂ? ಪ್ರಶ್ನೆ ಕೇಳಿದ್ದಕ್ಕಾ?"

"ನನ್ನನ್ನ ವಾದಕ್ಕೆ ಎಳೀಬೇಡಿ. ನಂಗೂ ಭಯ ಇದೆ."

ವರಾಂಡದಲ್ಲಿ ವೃಂದಾ ಕಾಯುತ್ತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಉಷಾಳ ಸೆರಗಿನ ತುದಿ ಹಿಡಿದುಕೊಂಡು, "ಮಿಸ್, ಅಪ್ಪಾಗೆ ಹೇಳ್ಬೇಡಿ, ಪ್ಲೀಸ್" ಎಂದಳು.

"ಹೇಳಲ್ಲ. ಕ್ಲಾಸಿಗೆ ಹೋಗು," ಎಂದಳು ಉಷಾ. ಹಾಗೆ ಹೇಳುವಾಗಲೇ ಇನ್ನೊಂದು ಯೋಚನೆ ಬಂತು. ಈ ಹುಡುಗಿಯ ಹೆಸರು ಬಾಯಿಂದ ಬಿದ್ದರೆ ಇವತ್ತೇ ಎಲ್ಲ ನಿಂತುಹೋಗುತ್ತದೆ. ದೂರು ಕೊಟ್ಟವರೇ ಬಾಯಿ ಮುಚ್ಚುತ್ತಾರೆ. ಬಸ್ ಸ್ಟಾಪಿನಲ್ಲಿ ಯಾರೂ ಸೀರೆಯ ಬಣ್ಣ ನೋಡುವುದಿಲ್ಲ. ಪಾಠ ಮಾಡುತ್ತಿದ್ದಾಗಲೂ ಆ ಯೋಚನೆ ಅವಳನ್ನು ಬಿಡಲಿಲ್ಲ.

ಗಿರಿಧರ್ ಬಂದಾಗ ಸಿಟ್ಟಿನಲ್ಲಿದ್ದರೂ ಮರ್ಯಾದೆ ಬಿಟ್ಟಿರಲಿಲ್ಲ. ಉಷಾಳನ್ನು ಕನ್ನಡದಲ್ಲೇ ಮಾತಾಡಿಸಿದರು. "ಮೇಡಂ, ನನ್ನ ತಮ್ಮ ಮಿಲಿಟರೀಲಿದ್ದಾನೆ. ಬಾರ್ಡರ್‌ನಲ್ಲಿ. ಫೋನ್ ಬರದಿದ್ದ ದಿನ ನಮ್ಮಮ್ಮ ಊಟ ಮಾಡಲ್ಲ. ಇಲ್ಲಿ ನೀವು ಮಕ್ಕಳಿಗೆ ನಮ್ಮ ದೇಶಾನೂ ಒಂದೇ, ಆ ದೇಶಗಳೂ ಒಂದೇ ಅಂತ ಹೇಳಿಕೊಟ್ರೆ ನನಗೆ ಹೇಗಾಗಬೇಡ?"

"ದೇಶ ಅನ್ನಲಿಲ್ಲ ಸಾರ್ ನಾನು. ಸರ್ಕಾರ ಅಂದೆ. ನಿಮ್ಮ ತಮ್ಮನ್ನ ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡೋರು ಅವರೇ. ಅವರನ್ನ ಕೇಳೋದು ನಿಮ್ಮ ತಮ್ಮನ ವಿರುದ್ಧ ಹೇಗಾಗತ್ತೆ?"

"ಕೇಳೋಕೆ ದೊಡ್ಡವರಿದ್ದಾರೆ. ಹದಿನಾರು ವರ್ಷದ ಮಗು ತಾನಾಗಿ ಇದನ್ನೆಲ್ಲ ಕೇಳತ್ತಾ? ಯಾರೋ ಹೇಳಿಕೊಟ್ಟಿರಬೇಕು. ಕೇಳಿದವರು ಯಾರು? ಹೆಸರು ಹೇಳಿ."

ಪ್ರಿನ್ಸಿಪಾಲ್ ಉಷಾಳನ್ನೇ ನೋಡಿದರು. ಬೆಳಗಿನ ಆ ಮರ್ಯಾದೆಯ ದನಿ ಅವಳ ಕಿವಿಯಲ್ಲೇ ಇತ್ತು. ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು, "ಹೇಳಲ್ಲ ಸಾರ್. ನೀವು ಏನು ಬೇಕಾದರೂ ಮಾಡಿ," ಎಂದಳು.

ಬಾಗಿಲು ತೆರೆಯಿತು. ಕ್ಲಾಸಿಗೆ ಹೋಗಿರಬೇಕಾಗಿದ್ದ ವೃಂದಾ ಅಲ್ಲಿ ನಿಂತಿದ್ದಳು.

"ಅಪ್ಪಾ, ಅದು ನಾನ್ ಕೇಟ್ಟ ಕೇಳ್ವಿ," ಎಂದಳು ತಮಿಳಿನಲ್ಲಿ, ಆ ಪ್ರಶ್ನೆ ಕೇಳಿದವಳು ನಾನೇ ಎಂದು. ಅವಳು ಮನೆಯಲ್ಲೂ ಹಾಗೆಯೇ, ಅಪ್ಪ ಕನ್ನಡದಲ್ಲಿ ಕೇಳಿದರೆ ಉತ್ತರ ತಮಿಳಿನಲ್ಲಿ.

ಗಿರಿಧರ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮುಖ ಕೆಂಪೇರಿತು. "ನೀನಾ? ಯಾರು ಹೇಳಿಕೊಟ್ರು?"

ಯಾರೂ ಇಲ್ಲ ಎಂದು ಹುಡುಗಿ ತಲೆಯಾಡಿಸಿದಳು. ಊಟದ ಹೊತ್ತಿಗೆ ಟೀವಿ ನೋಡುತ್ತಾ ಒಂದು ದಿನ ಅಮೆರಿಕವನ್ನೂ ಇನ್ನೊಂದು ದಿನ ರಷ್ಯಾವನ್ನೂ ಬೈಯುತ್ತಿದ್ದವರು ನೀವೇ ಅಲ್ಲವೇ ಎಂದಳು. ಹಾಗಾದರೆ ನಾವು ಏನು ಮಾಡಿದೆವು ಅಂತ ನಿಮ್ಮನ್ನೇ ಕೇಳಿದ್ದೆ. ಅದನ್ನೆಲ್ಲ ಸ್ಕೂಲಿನಲ್ಲಿ ಕೇಳು ಎಂದು ನೀವೇ ಹೇಳಿದಿರಿ, ಎಂದಳು.

ಗಿರಿಧರ್ ಏನೋ ಹೇಳಹೊರಟರು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಅಭ್ಯಾಸಬಲದಿಂದ ನೋಡಿದರು. ಗ್ರೂಪಿನಲ್ಲಿ ಗುರುತಿಲ್ಲದ ಯಾರೋ ಬರೆದಿದ್ದರು: 'ಪ್ರಶ್ನೆ ಕೇಳಿದ್ದು ಒಂದು ಹುಡುಗಿಯಂತೆ. ಯಾರು ಅಂತ ಪತ್ತೆ ಮಾಡಿ. ಟೀಚರ್ ಜೊತೆ ಅವಳಿಗೂ ಪಾಠ ಕಲಿಸೋಣ.' ಅದರ ಕೆಳಗೆ ಸಾಲಾಗಿ ಒಪ್ಪಿಗೆಯ ಹೆಬ್ಬೆರಳುಗಳು.

ಅವರು ತಾವು ಹಾಕಿದ ವೀಡಿಯೋ ಅಳಿಸಲು ನೋಡಿದರು. ಅದು ಆಗಲೇ ಎಲ್ಲೆಲ್ಲಿಗೋ ಹೋಗಿತ್ತು. ತಲೆ ಎತ್ತದೆಯೇ ಕೇಳಿದರು, "ಮೇಡಂ, ನಿಮಗೆ ಫೋನ್ ಮಾಡಿದೋರು... ಏನಂತಾರೆ?"

ಉಷಾ ಹೇಳಿದಳು. ಬಸ್ ಸ್ಟಾಪು, ಸೀರೆ, ಆ ಮರ್ಯಾದೆಯ ದನಿ, ಎಲ್ಲ. ಕೇಳುತ್ತಾ ಕೇಳುತ್ತಾ ಗಿರಿಧರ್ ಮಗಳ ಯೂನಿಫಾರ್ಮನ್ನು, ಅದರ ಮೇಲೆ ದಾರದಲ್ಲಿ ಹೊಲಿದಿದ್ದ ಶಾಲೆಯ ಹೆಸರನ್ನು ನೋಡುತ್ತಿದ್ದರು.

"ಅವತ್ತು ನೀವು ಪೂರ್ತಿ ಹೇಳಿದ್ದು ಏನು? ಇನ್ನೊಂದು ಸಲ ಹೇಳಿ ಮೇಡಂ."

ಅವಳು ಹೇಳಿದಳು. ಅವರು ಒಂದು ಅಕ್ಷರವನ್ನೂ ಬಿಡದೆ ಅದನ್ನು ಟೈಪ್ ಮಾಡಿ, 'ನಾನು ಕಳಿಸಿದ್ದು ಅರ್ಧ ಮಾತು. ತಪ್ಪು ನನ್ನದು' ಎಂದು ಸೇರಿಸಿ, ವೀಡಿಯೋ ಹಾಕಿದ್ದ ಗ್ರೂಪುಗಳಿಗೆಲ್ಲ ಕಳಿಸಿದರು. ಮೊದಲ ಉತ್ತರ ದಿನಾ ಜೊತೆಗೆ ವಾಕಿಂಗ್ ಹೋಗುವ ಗೆಳೆಯನದು: 'ಎಷ್ಟಕ್ಕೆ ಮಾರಿಕೊಂಡೆ?' ಆಮೇಲೆ ಬಂದವು ಇನ್ನೂ ಕೆಟ್ಟವು.

"ಭಯ ಆಗ್ತಿದೆಯಾ ಅಪ್ಪಾ?" ಎಂದಳು ವೃಂದಾ. ಈ ಸಲ ಕನ್ನಡದಲ್ಲಿ.

"ಹೂಂ ಕಣೇ. ತುಂಬಾ."

ಫೋನ್ ಮತ್ತೆ ಸದ್ದು ಮಾಡಿತು. 'ಅದೆಲ್ಲ ಬಿಡಿ. ಕೇಳಿದ ಹುಡುಗಿ ಯಾರು?'

ಗಿರಿಧರ್ ಮಗಳನ್ನು ಪಕ್ಕಕ್ಕೆ ಎಳೆದುಕೊಂಡರು. ಎರಡು ಸಲ ಬರೆದು ಅಳಿಸಿದರು.

'ಆ ಪ್ರಶ್ನೆ ನನ್ನದು,' ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು.